ಅವಳು ಮೊದಲ ದಿನವೇ ಆರಿಸಿದ ಆಂಪ್ಲಿಫೈಯರ್

ಕಿವಿಯ ಡಾಕ್ಟರು ಹೇಳಿದ್ದನ್ನು ನಾನು ಅವರ ಎದುರಿಗೇ ಬರೆದುಕೊಂಡೆ. ಹೆಂಡತಿಯ ಎಡಗಿವಿ ಬಹುಪಾಲು ಹೋಗಿದೆ. ಬಲಗಿವಿಯೂ ಅದೇ ದಾರಿಯಲ್ಲಿದೆ. ತೊಂದರೆ ಇರುವುದು ನರದಲ್ಲಿ, ಅದಕ್ಕೆ ಮದ್ದಿಲ್ಲ. ಶ್ರವಣಯಂತ್ರ ಹಾಕಿಕೊಂಡರೆ ಮಾತು ತಿಳಿಯುತ್ತದೆ, ಹಾಡು ಮೊದಲಿನ ಹಾಗೆ ಕೇಳುವುದಿಲ್ಲ. ಬಲಗಿವಿ ಎಷ್ಟು ಕಾಲ ಉಳಿಯುತ್ತದೆ ಎಂದು ಕೇಳಿದೆ. ಆರು ತಿಂಗಳೂ ಆಗಬಹುದು, ಆರು ವರ್ಷವೂ ಆಗಬಹುದು ಎಂದರು. ಮೂವತ್ತನಾಲ್ಕು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ನಿವೃತ್ತನಾದವನು ನಾನು. ಬರೆದುಕೊಳ್ಳದೆ ಬಿಟ್ಟ ಮಾತು ನನ್ನ ಪಾಲಿಗೆ ಯಾರೂ ಆಡದ ಮಾತು.

ಹೊರಡುವಾಗ ಡಾಕ್ಟರು ಅವಳ ಕಡೆ ನೇರವಾಗಿ ತಿರುಗಿ, ಸ್ವಲ್ಪ ಗಟ್ಟಿಯಾಗಿ ಹೇಳಿದರು: “ಕೇಳ್ಬೇಕು ಅಂತ ಆಸೆ ಇರುವುದು ಎಂತಾದ್ರೂ ಇದ್ರೆ ಈಗ್ಲೇ ಕೇಳಿಬಿಡಿ ಅಮ್ಮ. ಮುಂದೆ ಹಾಕ್ಬೇಡಿ.”

ಅದನ್ನೂ ಬರೆದುಕೊಂಡೆ.

ಬಿಜೈಯ ನಮ್ಮ ಫ್ಲ್ಯಾಟಿಗೆ ರಿಕ್ಷಾದಲ್ಲಿ ಬರುವಾಗ ಅವಳು, “ಅಪ್ಪನ ಪದ ಒಂದು ಸಲ ಸರಿಯಾಗಿ ಕೇಳ್ಬೇಕು,” ಎಂದಳು. “ಎದುರು ಕೂತು ಹೇಳಿದ ಹಾಗೆ. ಇಡೀ. ಮತ್ತೆ ಹೋದ್ರೆ ಹೋಗ್ಲಿ.”

ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳ ಮಾತಿನಲ್ಲಿ ಇದಕ್ಕಿಂತ ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ.

ಅವಳ ಅಪ್ಪ ಯಕ್ಷಗಾನದ ಭಾಗವತರು. ಹೆಸರು ಮಾಡಿದವರಲ್ಲ. ಹಗಲು ಗದ್ದೆ ಕೆಲಸ, ಕರೆ ಬಂದಲ್ಲಿಗೆ ಹೋಗಿ ಪದ, ಅಂದರೆ ಪ್ರಸಂಗದ ಹಾಡು, ಹೇಳುವುದು. ಅವರ ಧ್ವನಿ ಉಳಿದಿರುವುದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಯಾರದೋ ಮನೆ ಒಕ್ಕಲಿನ ದಿನ ವೇಷವಿಲ್ಲದೆ ಕೂತು ನಡೆಸಿದ ತಾಳಮದ್ದಲೆ, ಒಂದು ಗಂಟೆಯದ್ದು. ಸುರತ್ಕಲ್‌ನಲ್ಲಿರುವ ಅವಳ ತಮ್ಮ ಅದನ್ನು ಯಾರಿಂದಲೋ ಕಂಪ್ಯೂಟರಿಗೆ ಹಾಕಿಸಿ ಮೊಬೈಲಿಗೆ ಕಳಿಸಿದ್ದ. ಮೀನು ಕೊಯ್ಯುವಾಗ, ಕಾಯಿ ಹೆರೆಯುವಾಗ ಮೊಬೈಲನ್ನು ಉಪ್ಪಿನ ಭರಣಿಗೆ ಒರಗಿಸಿಟ್ಟು ಅವಳು ಅದನ್ನೇ ಕೇಳುತ್ತಿದ್ದಳು.

ಮನೆಯಲ್ಲಿ ಒಳ್ಳೆಯ ಸ್ಪೀಕರ್ ಜೋಡಿ ಇತ್ತು. ನನ್ನ ಅಣ್ಣ ಗಲ್ಫಿನಿಂದ ಹಿಂದಿರುಗುವಾಗ ತಂದದ್ದು, ಸೊಂಟದೆತ್ತರದ್ದು. ಅದರ ಜೊತೆಗೆ ಬಂದ ಆಂಪ್ಲಿಫೈಯರ್ ಒಂದು ಮಳೆಗಾಲದ ಸಿಡಿಲಿಗೆ ಸುಟ್ಟುಹೋದ ಮೇಲೆ ಸ್ಪೀಕರುಗಳು ಐದು ವರ್ಷ ಸುಮ್ಮನೆ ನಿಂತಿದ್ದವು, ಒಂದರ ಮೇಲೆ ಹೂದಾನಿ, ಇನ್ನೊಂದರ ಮೇಲೆ ನನ್ನ ಹಳೆಯ ಪೇಪರುಗಳು. ಆದ್ದರಿಂದ ಬೇಕಾದದ್ದು ಒಂದೇ ಪೆಟ್ಟಿಗೆ: ಧ್ವನಿಯನ್ನು ತಿದ್ದುವ ಭಾಗ, ಅದಕ್ಕೆ ಬಲ ಕೊಡುವ ಭಾಗ ಎರಡೂ ಒಂದರಲ್ಲೇ ಇರುವ ಇಂಟಿಗ್ರೇಟೆಡ್ ಆಂಪ್ಲಿಫೈಯರ್. ನಿವೃತ್ತಿಯ ಹಣವಿತ್ತು. ಒಳ್ಳೆಯದನ್ನೇ ತರುವುದೆಂದು ಇಬ್ಬರೂ ಒಪ್ಪಿದೆವು.

ಮಂಗಳೂರಿನಲ್ಲಿ ಇಂಥದ್ದನ್ನು ಕೇಳಿ ನೋಡಿ ಕೊಳ್ಳುವ ಜಾಗಗಳು ಕಡಿಮೆ. ಕದ್ರಿಯಲ್ಲಿ ಒಬ್ಬರು ತಮ್ಮ ಮನೆಯ ಮಾಳಿಗೆಯನ್ನೇ ಅಂಗಡಿ ಮಾಡಿಕೊಂಡಿದ್ದರು. ಬೋರ್ಡು ಇಲ್ಲ. ಫೋನ್ ಮಾಡಿ ಹೋಗಬೇಕು, ಚಪ್ಪಲಿ ಹೊರಗೆ ಬಿಡಬೇಕು, ಫ್ಯಾನ್ ಹಾಕುವಂತಿಲ್ಲ. ಮಾತು ಮಾತ್ರ ಧಾರಾಳ. ದೀಪಾವಳಿ ಕಳೆದು ಒಂದು ವಾರಕ್ಕೆ ನಾವಿಬ್ಬರೂ ಹೋದೆವು. ಅವರು ಮೊದಲು ತಮ್ಮ ವಾಡಿಕೆಯಂತೆ ಯಾವುದೋ ವಿದೇಶಿ ಪಿಯಾನೋ ಹಾಕಿದರು. ಅವಳು ಮರ್ಯಾದೆಗೆ ಕೇಳಿದಳು. ಆಮೇಲೆ ನಾನು ಮಾವನ ಪದವಿದ್ದ ಪೆನ್‌ಡ್ರೈವ್ ಕೊಟ್ಟೆ.

ಅವರು ಅದನ್ನು ಹಾಕಿದ ಆಂಪ್ಲಿಫೈಯರ್ ಕಪ್ಪು ಬಣ್ಣದ, ಅಗಲವಾದ, ಭಾರದ ಪೆಟ್ಟಿಗೆ. ವ್ಯಾಟ್ ಕಡಿಮೆ, ಬಿಸಿ ಜಾಸ್ತಿ. ಮೇಲೆ ಅಂಗೈ ಇಟ್ಟರೆ ದೋಸೆ ಕಾವಲಿ ಕಾಯುತ್ತಿರುವ ಹಾಗೆ. ಮಾವನ ಧ್ವನಿ ಬಂತು. ಮೊಬೈಲಿನಲ್ಲಿ ಕೇಳುತ್ತಿದ್ದ ಕೀರಲು ಸ್ವರ ಅದಾಗಿರಲಿಲ್ಲ. ಎದೆ ಇರುವ ಮನುಷ್ಯನೊಬ್ಬ ಹಾಡುತ್ತಿದ್ದ. ಹೆಂಡತಿ ಬಲಗಿವಿಯನ್ನು ಸ್ವಲ್ಪ ಮುಂದೆ ತಿರುಗಿಸಿ ಕೂತಿದ್ದಳು. ಎರಡು ನಿಮಿಷ ಆಗಿರಬೇಕು, “ಇದೇ ಸಾಕು,” ಎಂದಳು.

“ಅಕ್ಕನಿಗೆ ಕಿವಿ ಉಂಟು ಸರ್,” ಅಂಗಡಿಯವರು ನನಗೆ ಹೇಳಿದರು. ಅವರಿಗೆ ವಿಷಯ ಗೊತ್ತಿರಲಿಲ್ಲ.

“ಒಂದೇ ಇರುವುದು,” ಅವಳು ನಕ್ಕಳು. “ಅದೂ ಮನೆ ಖಾಲಿ ಮಾಡ್ಲಿಕ್ಕೆ ಹೊರಟಿದೆ.”

ಅವರು ತಬ್ಬಿಬ್ಬಾದರು. ನಾನು ವಿವರಿಸಿದೆ. ಅವರು ತಕ್ಷಣ, “ಹಾಗಾದ್ರೆ ಇವತ್ತೇ ತೆಗೊಂಡು ಹೋಗಿ ಸರ್. ದುಡ್ಡಿನ ವಿಷಯ ಮತ್ತೆ ಮಾತಾಡುವ,” ಎಂದರು.

ನಾನು ಬೇಡ ಎಂದೆ.

ಕಾರಣವನ್ನು ಇಲ್ಲಿ ಸರಿಯಾಗಿ ದಾಖಲಿಸಬೇಕು. ಡೆಸ್ಕಿನಲ್ಲಿ ನನ್ನದೊಂದು ಕಟ್ಟುನಿಟ್ಟು ಇತ್ತು. ಒಬ್ಬರೇ ಹೇಳಿದ ಸುದ್ದಿ ಎಷ್ಟು ಚೆನ್ನಾಗಿದ್ದರೂ ಅದನ್ನು ಪುಟಕ್ಕೆ ಬಿಡುತ್ತಿರಲಿಲ್ಲ. ಎರಡನೆಯವರು, ಮೊದಲಿನವರ ಪರಿಚಯ ಇಲ್ಲದವರು, ಅದನ್ನೇ ಹೇಳಬೇಕು. ಈ ಹಟದಿಂದ ಕೆಲವು ಸುದ್ದಿಗಳು ಬೇರೆ ಪತ್ರಿಕೆಗಳಲ್ಲಿ ಮೊದಲು ಬಂದವು. ನಾನು ಬೇಸರ ಮಾಡಿಕೊಂಡವನಲ್ಲ, ತಪ್ಪು ಅಚ್ಚಿಗೆ ಹೋಗಲಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ. ಕದ್ರಿಯ ಮಾಳಿಗೆಯಲ್ಲಿ ಅವಳು ಹೇಳಿದ “ಇದೇ ಸಾಕು” ನನಗೆ ಒಬ್ಬರ ಹೇಳಿಕೆಯಾಗಿ ಕಂಡಿತು. ಅವಳ ಒಂದೇ ಗಂಟೆ, ಅವಳ ಒಂದೇ ಕಿವಿ. ಅದಕ್ಕೆ ಅತ್ಯುತ್ತಮವಾದದ್ದೇ ಬೇಕು, ಅದು ಅತ್ಯುತ್ತಮ ಎಂಬುದು ಖಚಿತವಾಗಬೇಕು. ಇದು ಪ್ರೀತಿ ಎಂದೇ ನಾನು ತಿಳಿದಿದ್ದೆ. ಈಗಲೂ ಅಲ್ಲ ಎನ್ನಲಾರೆ.

ಕ್ರಮ ಹೀಗೆ ಮಾಡಿದೆ. ಆ ಗಂಟೆಯಲ್ಲಿ ಹನ್ನೊಂದನೆಯ ನಿಮಿಷದಿಂದ ಹದಿಮೂರರವರೆಗೆ ಒಂದು ಭಾಗ ಆರಿಸಿದೆ. ಅಲ್ಲಿ ಮಾವನ ಧ್ವನಿ ಮೇಲೇರುತ್ತದೆ, ಚೆಂಡೆ ಬಂದು ಸೇರುತ್ತದೆ, ಮತ್ತೆ ಚೆಂಡೆ ನಿಂತು ಮದ್ದಲೆ ಮಾತ್ರ ಉಳಿಯುತ್ತದೆ. ಎಲ್ಲ ಆಂಪ್ಲಿಫೈಯರಿನಲ್ಲೂ ಇದೇ ಎರಡು ನಿಮಿಷ. ಯಾವುದು ಓಡುತ್ತಿದೆ ಎಂದು ಅವಳಿಗೆ ಕಾಣಬಾರದು. ಧ್ವನಿಗೆ, ಮದ್ದಲೆಗೆ, ಚೆಂಡೆಗೆ ಬೇರೆ ಬೇರೆ ಅಂಕ. ಬೇರೆ ಬೇರೆ ದಿನ ಎರಡು ಸಲ ಒಂದೇ ಉತ್ತರ ಬಂದರೆ ಮಾತ್ರ ಲೆಕ್ಕಕ್ಕೆ.

ಇನ್ನೊಂದು ನಿಯಮವೂ ಇತ್ತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಮೊಬೈಲು ಹಾಡುತ್ತಿತ್ತು. ಅವಳು ಬಸಳೆ ಕೊಯ್ಯುತ್ತಿದ್ದಳು.

“ಅದನ್ನು ಇನ್ನು ಹಾಕ್ಬೇಡ,” ಎಂದೆ.

“ಯಾಕೆ?”

“ಆ ಡಬ್ಬ ಸ್ವರ ಕಿವಿಯಲ್ಲಿ ಕೂತ್ರೆ ಹೋಲಿಸ್ಲಿಕ್ಕೆ ಆಗುವುದಿಲ್ಲ. ಕಿವಿ ಫ್ರೆಶ್ ಇರ್ಬೇಕು. ಆಂಪ್ಲಿಫೈಯರ್ ಬಂದ ಮೇಲೆ ಇಡೀ ಕೇಳಿದ್ರಾಯ್ತು.”

ಅವಳು ಕೈ ಒರಸಿಕೊಂಡು ಮೊಬೈಲು ನಿಲ್ಲಿಸಿದಳು. ವಾದ ಮಾಡಲಿಲ್ಲ. “ನಿಮ್ಮ ಪೇಪರಿನವರದ್ದು ದೊಡ್ಡ ಶಾಸ್ತ್ರ,” ಎಂದಷ್ಟೇ ಹೇಳಿದಳು. ಡಿಸೆಂಬರಿನ ಮೊದಲ ವಾರ ಅದು. ಆಮೇಲೆ ನಮ್ಮ ಅಡುಗೆಮನೆಯಲ್ಲಿ ಆ ಪದ ಕೇಳಲಿಲ್ಲ.

ಎರಡನೆಯ ಆಂಪ್ಲಿಫೈಯರ್ ಕದ್ರಿಯವರದ್ದೇ, ವ್ಯಾಟ್ ಜಾಸ್ತಿ ಇದ್ದದ್ದು. ಚೆಂಡೆಯ ಪೆಟ್ಟು ಗಟ್ಟಿ, ಧ್ವನಿ ಸ್ವಲ್ಪ ಒಣಕಲು ಎಂದಳು. ಮೂರನೆಯದು ಬಜಪೆಯಲ್ಲಿ ಒಬ್ಬ ನಿವೃತ್ತ ಎಂಜಿನಿಯರರ ಮನೆಯಲ್ಲಿದ್ದ, ಹಳೆಯ ರೇಡಿಯೋದಂತೆ ಗಾಜಿನ ವಾಲ್ವುಗಳು ಉರಿಯುವಂಥದ್ದು. ಅವರು ಅದನ್ನು ಮಾರುವವರಿದ್ದರು. ವಿಮಾನ ನಿಲ್ದಾಣಕ್ಕೆ ಹತ್ತಿರದ ಮನೆ. ನಾವು ಆ ಎರಡು ನಿಮಿಷ ಕೇಳುವಷ್ಟರಲ್ಲಿ ಮೇಲಿನಿಂದ ವಿಮಾನ ಇಳಿಯಿತು. ನಿಲ್ಲಿಸಿದರು. ಮತ್ತೆ ಮೊದಲಿನಿಂದ ಹಾಕಿದರು.

“ದುಬೈಯದ್ದು ಹೋಯ್ತು, ಇನ್ನು ಮುಂಬೈಯದ್ದಕ್ಕೆ ಇಪ್ಪತ್ತು ನಿಮಿಷ ಉಂಟು,” ಎಂದು ಆ ಎಂಜಿನಿಯರರು ಗಡಿಯಾರ ನೋಡಿ ಹೇಳಿದರು. ಅವರ ಸಂಗೀತವೆಲ್ಲ ವಿಮಾನಗಳ ನಡುವೆ ನಡೆಯುತ್ತಿತ್ತು. ಹೆಂಡತಿ ನಗುತ್ತಿದ್ದಳು. ವಿಮಾನ ಬಂದದ್ದು ಅವಳಿಗೆ ಮೊದಲು ಗೊತ್ತಾಗಿರಲಿಲ್ಲ, ನಾವಿಬ್ಬರು ಮೇಲೆ ನೋಡಿದ್ದನ್ನು ಕಂಡು ಅವಳೂ ಮೇಲೆ ನೋಡಿದಳು. ಇದು ನನ್ನ ಟಿಪ್ಪಣಿಯಲ್ಲಿ ಇಲ್ಲ. ವಾಲ್ವಿನದ್ದಕ್ಕೆ ಅವಳು ಕೊಟ್ಟ ಅಂಕಗಳು ಮಾತ್ರ ಇವೆ.

ಜನವರಿಯಲ್ಲಿ ನನಗೆ ಹೊಸ ಸಂಶಯ ಬಂತು. ಕದ್ರಿಯಲ್ಲಿ ಕೇಳಿದ್ದು ಅವರ ಸ್ಪೀಕರಿನಲ್ಲಿ, ನಮ್ಮದರಲ್ಲಿ ಅಲ್ಲ. ಅಂದಮೇಲೆ ಅದುವರೆಗಿನ ಫಲಿತಾಂಶ ನಿಲ್ಲುವುದಿಲ್ಲ. ನಮ್ಮ ಸ್ಪೀಕರುಗಳನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ, ಗೂಡ್ಸ್ ರಿಕ್ಷಾದಲ್ಲಿ ಹೇರಿ ಕದ್ರಿ ಗುಡ್ಡ ಹತ್ತಿಸಿದೆ. ಸುರತ್ಕಲ್‌ನಿಂದ ಅವಳ ತಮ್ಮ ರಜೆ ಹಾಕಿ ಬಂದಿದ್ದ. ರಿಫೈನರಿಯಲ್ಲಿ ಕೆಲಸ, ಮಾತಿಗೆ ನಾಚಿಕೆಯಿಲ್ಲ. ಸ್ಪೀಕರಿನ ಒಂದು ತುದಿ ಹಿಡಿದು ಮೆಟ್ಟಿಲು ಹತ್ತುತ್ತಾ, “ಭಾವ, ಇದಕ್ಕೆ ಗೃಹಪ್ರವೇಶ ಉಂಟಾ, ಇಲ್ಲ ಮೆರವಣಿಗೆ ಮಾತ್ರವಾ?” ಎಂದ.

ಒಳಗೆ ನಾನು ಅಂಕದ ಹಾಳೆ ತೆಗೆದಾಗ ಅವನು ಇಣುಕಿ ನೋಡಿದ.

“ಭಾವ, ನೀವು ಅಪ್ಪನ ಪದ ಕೇಳ್ಲಿಕ್ಕೆ ಬಂದದ್ದಾ, ಪ್ರೂಫ್ ತಿದ್ಲಿಕ್ಕೆ ಬಂದದ್ದಾ?”

“ಸುಮ್ಮನೆ ಕೂತ್ಕೋ ಮಾರಾಯ.”

“ನಾನು ಕೂತ್ಕೊಳ್ತೇನೆ. ಅಕ್ಕನಿಗೆ ಎಷ್ಟು ದಿನ ಕೂರ್ಲಿಕ್ಕೆ ಉಂಟು, ಅದು ನೋಡಿ.”

ಅವನು ನಗುತ್ತಲೇ ಹೇಳಿದ್ದು. ನಾನು ಅದನ್ನು ಕುಹಕವೆಂದು ಬಿಟ್ಟುಬಿಟ್ಟೆ. ಆ ದಿನವೂ ಅವಳು ಕಪ್ಪು ಪೆಟ್ಟಿಗೆಗೇ ಹೆಚ್ಚು ಅಂಕ ಕೊಟ್ಟಳು. ಒಂದು ದಿನ ಆಯಿತು, ಇನ್ನೊಂದು ದಿನ ಬಾಕಿ. ಫೆಬ್ರವರಿಯ ಸರದಿಯಲ್ಲಿ ಎರಡನೆಯದಕ್ಕೆ ಅರ್ಧ ಅಂಕ ಜಾಸ್ತಿ ಬಂದು ಲೆಕ್ಕ ತಪ್ಪಿತು. ಮಾರ್ಚಿನಲ್ಲಿ ಕೊನೆಯದೊಂದು ಸರದಿ ಇಟ್ಟುಕೊಳ್ಳೋಣ ಎಂದೆ. ಆ ಅರ್ಧ ಅಂಕ ಆಂಪ್ಲಿಫೈಯರಿನಿಂದಲೇ ಬಂದದ್ದೋ, ಕಿವಿಯಿಂದಲೋ ಎಂದು ನಾನು ಕೇಳಿಕೊಳ್ಳಲಿಲ್ಲ. ಸುದ್ದಿಯನ್ನು ಹತ್ತು ಸಲ ಪರೀಕ್ಷಿಸಿದವನು, ಹೇಳುತ್ತಿದ್ದವಳ ಕಡೆ ತಲೆಯೆತ್ತಿ ನೋಡಲಿಲ್ಲ.

ಮಾರ್ಚಿನ ಒಂದು ಬೆಳಿಗ್ಗೆ ಅವಳು ಹಾಸಿಗೆಯ ಮೇಲೆ ಎದ್ದು ಕೂತು, “ಕರೆಂಟ್ ಹೋಯ್ತಾ?” ಎಂದಳು.

“ಇಲ್ಲ.”

ನನ್ನ ಉತ್ತರ ಅವಳಿಗೆ ತಲುಪಲಿಲ್ಲ. ಅವಳು ಮೇಲೆ ನೋಡಿದಳು. ಫ್ಯಾನ್ ತಿರುಗುತ್ತಿತ್ತು. ಅದನ್ನೇ ನೋಡುತ್ತಾ ಇದ್ದಳು.

ಅದೇ ದಿನ ಡಾಕ್ಟರಲ್ಲಿಗೆ ಹೋದೆವು. ಮಾತ್ರೆ ಕೊಟ್ಟರು, ಕಿವಿಯೊಳಗೆ ಇಂಜೆಕ್ಷನ್ ಕೊಟ್ಟರು. ಎರಡು ವಾರ ಕಾದೆವು. ಬಲಗಿವಿಯಲ್ಲಿ ಸ್ವಲ್ಪ ಮರಳಿತು. ಹೊಸ ಶ್ರವಣಯಂತ್ರ ಹಾಕಿ, ಮುಖ ನೋಡಿಕೊಂಡು, ಹತ್ತಿರದಿಂದ ಹೇಳಿದರೆ ಮಾತು ತಿಳಿಯುವಷ್ಟು. ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಯಂತ್ರ ಕೂರಿಸುವ ದಾರಿ ಇದೆ ಎಂದರು. “ಹಾಡು ಕೇಳ್ತದಾ?” ಎಂದು ಅವಳು ಕೇಳಿದಳು. ಮಾತಿಗೆ ಒಳ್ಳೆಯದು, ಹಾಡಿನ ಬಗ್ಗೆ ಭರವಸೆ ಕೊಡುವುದಿಲ್ಲ ಎಂದರು. “ನೋಡುವ,” ಎಂದು ಅವಳು ಎದ್ದಳು.

ಮನೆಗೆ ಬಂದು ಅವಳು ಮೊಬೈಲಿನಲ್ಲಿ ಅಪ್ಪನ ಪದ ಹಾಕಿ, ಯಂತ್ರಕ್ಕೆ ತಾಗಿಸಿ ಹಿಡಿದಳು. ನಾನು ಬಾಗಿಲಲ್ಲಿ ನಿಂತಿದ್ದೆ.

“ತಗಡಿನ ಮೇಲೆ ಹುರುಳಿ ಚೆಲ್ಲಿದ ಹಾಗೆ ಉಂಟು,” ಎಂದಳು. “ಮನುಷ್ಯರದ್ದು ಅಂತ ಗೊತ್ತಾಗುವುದಿಲ್ಲ.”

ನಾನು ಅವಳ ಎದುರು ಕೂತೆ. ಅವಳಿಗೆ ಕಾಣುವ ಹಾಗೆ, ನಿಧಾನವಾಗಿ, ನನ್ನದು ತಪ್ಪಾಯಿತು ಎಂದೆ. ದೀಪಾವಳಿಯ ಆಚೆ ವಾರವೇ ತರಬೇಕಿತ್ತು ಎಂದೆ.

“ನಾನು ನಿಮ್ಮನ್ನು ಬೈದೆನಾ?”

“ಇಲ್ಲ.”

“ಮತ್ತೆ ಯಾಕೆ ಹೇಳ್ತೀರಿ?” ಅವಳು ಮೊಬೈಲನ್ನು ಮಗುಚಿ ಇಟ್ಟಳು. “ಆ ಎರಡು ನಿಮಿಷ ಉಂಟಲ್ಲ, ಅದು ನನಗೆ ಬಾಯಿಪಾಠ ಬರ್ತದೆ. ಬೇಡ ಅಂದ್ರೂ ತಲೆಯಲ್ಲಿ ಓಡ್ತಾ ಇರ್ತದೆ. ಚೆಂಡೆ ಎಲ್ಲಿ ಬರ್ತದೆ, ಎಲ್ಲಿ ನಿಲ್ತದೆ, ಎಲ್ಲ. ಅದರ ಮುಂಚಿನದ್ದು ಎಂತ, ಮತ್ತಿನದ್ದು ಎಂತ, ನೆನಪು ಮಾಡಿದ್ರೂ ಬರುವುದಿಲ್ಲ.”

ನಾನು ಆಮೇಲೆ ಲೆಕ್ಕ ಹಾಕಿ ನೋಡಿದೆ. ಹಾಳೆಗಳು ಇದ್ದವು, ತಪ್ಪುವ ಪ್ರಶ್ನೆಯಿಲ್ಲ. ಕದ್ರಿಯಲ್ಲಿ, ಬಜಪೆಯಲ್ಲಿ, ಮತ್ತೆ ಕದ್ರಿಯಲ್ಲಿ ನಾನು ಅವಳಿಗೆ ಆ ಎರಡು ನಿಮಿಷಗಳನ್ನು ನಲವತ್ತಕ್ಕೂ ಹೆಚ್ಚು ಸಲ ಕೇಳಿಸಿದ್ದೆ. ಒಟ್ಟು ಒಂದೂವರೆ ಗಂಟೆಯ ಹತ್ತಿರ ಬರುತ್ತದೆ. ಅಷ್ಟು ಹೊತ್ತಿನಲ್ಲಿ ಇಡೀ ಕ್ಯಾಸೆಟ್ಟು ಮುಗಿದು, ಅರ್ಧ ಮತ್ತೊಮ್ಮೆ ಕೇಳಬಹುದಿತ್ತು.

ಆಂಪ್ಲಿಫೈಯರ್ ಬೇಡ ಎಂದು ನಾನು ಕದ್ರಿಗೆ ಫೋನ್ ಮಾಡಲು ಹೊರಟಿದ್ದೆ. ಅವಳು ಬಿಡಲಿಲ್ಲ.

“ತನ್ನಿ. ಅದನ್ನೇ ತನ್ನಿ, ಕರಿಯದ್ದು.”

“ಯಾರಿಗೆ?”

“ಅಪ್ಪ ಅದ್ರಲ್ಲಿ ಚೆನ್ನಾಗಿ ಬರ್ತಾರಲ್ಲ. ನನ್ನ ಕಿವಿ ಹೋಯ್ತು ಅಂತ ಅವರನ್ನು ಡಬ್ಬದಲ್ಲಿ ಇಡುವುದಾ?”

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಒಂದು ಭಾನುವಾರ ಬೆಳಿಗ್ಗೆ ಪೆಟ್ಟಿಗೆ ಬಂತು, ಜನವರಿಯಿಂದ ಕದ್ರಿಯಲ್ಲೇ ಇದ್ದ ನಮ್ಮ ಸ್ಪೀಕರುಗಳೂ ಬಂದವು. ಕದ್ರಿಯವರೂ ಭಾವಮೈದನೂ ಎರಡು ಮಾಳಿಗೆ ಹೊತ್ತು ತಂದರು. ಲಿಫ್ಟ್ ಕೆಟ್ಟಿತ್ತು. ಕದ್ರಿಯವರು ಸ್ಪೀಕರುಗಳನ್ನು ಗೋಡೆಯಿಂದ ಮೂರು ಅಡಿ ಮುಂದಕ್ಕೆ ತಂದು ನಿಲ್ಲಿಸಿದರು. ಗೋಡೆಗೆ ಅಂಟಿದರೆ ಮದ್ದಲೆ ಗುಮ್ಮೆನ್ನುತ್ತದೆ, ಹಿಂದೆ ಜಾಗ ಬೇಕು ಎಂದರು. ತಂತಿ ಸಿಕ್ಕಿಸಿದರು. ಅವರ ಪಿಯಾನೋ ಹಾಕಲಿಲ್ಲ. ಚಹಾ ಕುಡಿದು, “ಬರ್ತೇನೆ ಅಕ್ಕ,” ಎಂದು ಅವಳ ಎದುರು ಬಂದು ಹೇಳಿ ಹೋದರು.

ನಾನು ಪದ ಹಾಕಿದೆ. ಹನ್ನೊಂದನೆಯ ನಿಮಿಷದಿಂದ ಅಲ್ಲ, ಮೊದಲಿನಿಂದ. ಆ ಭಾಗವನ್ನು ನಾನೂ ತಿಂಗಳುಗಳಿಂದ ಕೇಳಿರಲಿಲ್ಲ. ಯಾರೋ ಕೆಮ್ಮುತ್ತಾರೆ, ಚಾಪೆ ಎಳೆಯುವ ಸದ್ದು, ಮದ್ದಲೆಯ ಮೇಲೆ ಬೆರಳು ಎರಡು ಸಲ. ಆಮೇಲೆ ಮಾವ.

ಭಾವಮೈದ ಸೋಫಾದ ತುದಿಯಲ್ಲಿ ಕೂತಿದ್ದ. ಅವನ ಬಾಯಲ್ಲಿ ಏನೋ ತಮಾಷೆ ಸಿದ್ಧವಾಗಿದ್ದ ಹಾಗಿತ್ತು, ಅದು ಹೊರಗೆ ಬರಲಿಲ್ಲ. ಅಕ್ಕನ ಮೊಣಕೈ ಮುಟ್ಟಿ ಅವಳನ್ನು ತನ್ನ ಕಡೆ ತಿರುಗಿಸಿ ಹೇಳಿದ: “ಅಕ್ಕ, ಅಪ್ಪ ಇಲ್ಲೇ ಕೂತ ಹಾಗೆ ಉಂಟು.” ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಎಂಬಂತೆ ನನ್ನ ಮುಖ ನೋಡಿದ.

ಅವಳು ಬೇಸರ ಮಾಡಿಕೊಳ್ಳಲಿಲ್ಲ. “ಎಲ್ಲಿ?” ಎಂದಳು.

ಅವನು ಸ್ಪೀಕರುಗಳ ನಡುವಿನ ಖಾಲಿ ಜಾಗ ತೋರಿಸಿದ.

“ಸರಿ ನಡುವಿನಲ್ಲಾ?”

“ಹ್ಞೂಂ. ಬಾಯಿ ಇಷ್ಟು ಎತ್ತರಕ್ಕೆ,” ಎಂದು ಅವನು ಎದ್ದುಹೋಗಿ ಗಾಳಿಯಲ್ಲಿ ಅಂಗೈ ಹಿಡಿದು ತೋರಿಸಿದ. ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತ ಮನುಷ್ಯನ ಬಾಯಿಯ ಎತ್ತರ. ನನಗೂ ಅಲ್ಲಿಂದಲೇ ಕೇಳುತ್ತಿತ್ತು. ನಾನು ತಲೆಯಾಡಿಸಿದೆ.

ಅವಳು ಅಡುಗೆಮನೆಯಿಂದ ಮಣೆ ತಂದಳು. ಸ್ಪೀಕರುಗಳ ಹಿಂದೆ, ಗೋಡೆಗೂ ಅವಕ್ಕೂ ನಡುವೆ ಉಳಿದಿದ್ದ ಜಾಗದಲ್ಲಿ ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ನನಗೆ ಅರ್ಥವಾಗಲಿಲ್ಲ. ಭಾವಮೈದ ನನ್ನ ಹತ್ತಿರ ಬಗ್ಗಿ ಹೇಳಿದ: ಮದುವೆಯಾಗುವವರೆಗೆ ಅಪ್ಪನಿಗೆ ಶ್ರುತಿಪೆಟ್ಟಿಗೆ ಹಿಡಿಯುತ್ತಿದ್ದವಳು ಅಕ್ಕನೇ, ಕೂರುತ್ತಿದ್ದುದು ಅವರ ಹಿಂದೆ. ಮೂವತ್ತು ವರ್ಷ ಜೊತೆಗಿದ್ದೂ ಇದು ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ, ಅಷ್ಟೆ.

ಅವಳು ಕಿವಿಯ ಯಂತ್ರ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. “ಆ ತಗಡಿನ ಸದ್ದು ಬೇಡ,” ಎಂದಳು, ಯಾರಿಗೆಂದಿಲ್ಲದೆ. ಕಣ್ಣು ಮುಚ್ಚಿದಳು. ಎಡಗೈಯನ್ನು ಮೊಣಕಾಲಿನ ಹತ್ತಿರ ಇಟ್ಟು, ಶ್ರುತಿಪೆಟ್ಟಿಗೆಯ ತಿದಿ ಒತ್ತುವ ಹಾಗೆ ನಿಧಾನವಾಗಿ ಆಡಿಸತೊಡಗಿದಳು. ಒತ್ತಿ, ಬಿಟ್ಟು, ಒತ್ತಿ.

ನಾವಿಬ್ಬರೂ ಇಡೀ ಕೇಳಿದೆವು. ಆ ಎರಡು ನಿಮಿಷ ಬಂತು, ಹೋಯಿತು. ಆಮೇಲೆ ನನಗೆ ಏನೂ ನೆನಪಿಲ್ಲದ ಪದಗಳು ಬಂದವು, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಕ್ಯಾಸೆಟ್ಟು ತೀರಿದಲ್ಲಿಗೆ ಧ್ವನಿಮುದ್ರಣ ಕಡಿದುಹೋಗುತ್ತದೆ. ಮಾವ ಒಂದು ಪದದ ಮಧ್ಯದಲ್ಲಿದ್ದರು. ಸದ್ದು ನಿಂತಿತು. ಕೆಳಗೆ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿತು.

ಅವಳ ಕೈ ನಿಲ್ಲಲಿಲ್ಲ. ಭಾವಮೈದ ನನ್ನ ಕಡೆ ನೋಡಿದ. ನಾನು ಏಳಲಿಲ್ಲ. ಅವನೂ ಏಳಲಿಲ್ಲ.